ಮರದ ಮೀನು ಮತ್ತು ಅದರ ಈಜುರೆಕ್ಕೆ

ಹರಿಗೋಲಿನಲ್ಲಿ ಕುಳಿತು ಹೊಳೆಯನ್ನು ದಾಟಿದವರು ಒಂದು ಸಂಗತಿಯನ್ನು ಮರೆಯಲಾರರು. ಅಂಬಿಗನು ಹುಟ್ಟನ್ನು ಒಂದು ಕ್ಷಣ ನೀರಿನಿಂದ ಮೇಲಕ್ಕೆತ್ತಿದರೆ ಸಾಕು, ಹರಿಗೋಲು ರಾಗಿ ಬೀಸುವ ಕಲ್ಲಿನಂತೆ ತನ್ನ ಸುತ್ತ ತಾನೇ ತಿರುಗತೊಡಗುತ್ತದೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಎಡಬಲಗಳಿಲ್ಲ. ದುಂಡಗಿನ ಬುಟ್ಟಿಗೆ ಎಲ್ಲ ದಿಕ್ಕುಗಳೂ ಒಂದೇ. ಅದನ್ನು ಒಂದು ಗೊತ್ತಾದ ದಿಕ್ಕಿಗೆ ನಡೆಸುವ ಜವಾಬ್ದಾರಿಯೆಲ್ಲವೂ ಅಂಬಿಗನ ಕೈಯಲ್ಲಿರುವ ಹುಟ್ಟಿನದು.

ಈ ಹರಿಗೋಲಿನ ನೆನಪು ನನಗೆ ಬಂದುದು ಸಮುದ್ರದ ದಡದಲ್ಲಿ. ಚಿತ್ರದುರ್ಗದ ಕಡೆಯ ನಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಒಮ್ಮೆ ಪ್ರವಾಸ ಹೋಗಿದ್ದಾಗ, ಮುಲ್ಕಿಯ ಬಳಿಯ ಸಸಿಹಿತ್ಲು ಎಂಬಲ್ಲಿ ಇಳಿದಿದ್ದೆವು. ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಕಡಲನ್ನು ಸೇರುವ ಸ್ಥಳವದು. ಅಲ್ಲಿ ಕೆಲವು ತರುಣರು ಹಲಗೆಗಳ ಮೇಲೆ ನಿಂತು ಅಲೆಗಳ ಇಳಿಜಾರಿನಲ್ಲಿ ಜಾರುತ್ತಿದ್ದರು. ಇದೇ ಸರ್ಫಿಂಗ್. ನಮ್ಮ ಕರಾವಳಿಗೆ ಈ ಆಟವು ಹೊಸದಾದರೂ ತೀರ ಅಪರಿಚಿತವೇನಲ್ಲ. ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ಬು 2004ರಲ್ಲಿ ಆರಂಭವಾಯಿತು; ಸಸಿಹಿತ್ಲುವಿನಲ್ಲಿಯೇ 2016ರಲ್ಲಿ ಭಾರತೀಯ ಮುಕ್ತ ಸರ್ಫಿಂಗ್ ಸ್ಪರ್ಧೆಯು ನಡೆಯಿತು. 2021ರಲ್ಲಿ ಟೋಕಿಯೋ ನಗರವು ನಡೆಸಿದ ಒಲಿಂಪಿಕ್ ಕ್ರೀಡೆಗಳಲ್ಲಿ ಈ ಆಟಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು.

ದಡದ ಮೇಲೆ ಒಂದು ಗಿಡ್ಡ ಹಲಗೆಯನ್ನು ಮಗುಚಿಟ್ಟಿದ್ದರು. ಅದರ ಹಿಂಭಾಗವು ಮೀನಿನ ಬಾಲದಂತೆ ಎರಡಾಗಿ ಸೀಳಿದ್ದಿತು. ಬಾಲದ ಎರಡು ಕವಲುಗಳ ಬಳಿ, ಅಂಗೈಗಿಂತ ದೊಡ್ಡದಾದ ಎರಡು ತೆಳು ರೆಕ್ಕೆಗಳು ನೆಟ್ಟಗೆ ನಿಂತಿದ್ದುವು. ಹಿರಿಯೂರಿನ ಕಡೆಯ ಒಬ್ಬ ವಿದ್ಯಾರ್ಥಿ ಅವುಗಳನ್ನು ಮುಟ್ಟಿ ನೋಡಿ, "ಸಾರ್, ನಮ್ಮ ಹರಿಗೋಲಿಗೆ ಇಂಥದು ಇಲ್ಲವಲ್ಲ. ಇದಕ್ಕೆ ಏಕೆ ಬೇಕು? ಬೇಕಾದರೂ ಎರಡು ಏಕೆ?" ಎಂದು ಕೇಳಿದ. ಅವನು ಚಿಕ್ಕಂದಿನಿಂದ ಹರಿಗೋಲು ನಡೆಸಿದವನು. ನಾನಾದರೋ ಬಯಲುಸೀಮೆಯ ಮೇಷ್ಟ್ರು. ನನಗೆ ಈಜು ಕೂಡ ಬಾರದು. ತಕ್ಷಣ ಏನೋ ಒಂದು ಉತ್ತರ ಹೇಳಿದೆ. ಅದು ಅವನಿಗೂ ಒಪ್ಪಿಗೆಯಾಗಲಿಲ್ಲ, ನನಗೂ ಆಗಲಿಲ್ಲ. ಊರಿಗೆ ಹಿಂದಿರುಗಿದ ಮೇಲೆ ಅಂಥ ಒಂದು ಹಲಗೆಯನ್ನು ನಾವೇ ಮಾಡಿ ನೋಡೋಣವೆಂದು ನಿಶ್ಚಯಿಸಿದೆವು. ಈ ಲೇಖನವು ಆ ಪ್ರಯತ್ನದ ಕಥೆ.

ಮೊದಲು ಸ್ವಲ್ಪ ಇತಿಹಾಸ. ಅಲೆಯ ಮೇಲೆ ನಿಂತು ಸವಾರಿ ಮಾಡುವ ವಿದ್ಯೆಯನ್ನು ಉನ್ನತಿಗೆ ತಂದವರು ಶಾಂತಸಾಗರದ ಹವಾಯಿ ದ್ವೀಪದ ಜನರು. ಅವರ ಹಲಗೆಗಳಿಗೆ ಈಜುರೆಕ್ಕೆ ಇರಲಿಲ್ಲ. ಅರಸುಮಕ್ಕಳ ಉದ್ದನೆಯ ಹಲಗೆಗಳನ್ನು ವಿಲಿವಿಲಿ ಎಂಬ ಹಗುರವಾದ ಮರದಿಂದ ಮಾಡುತ್ತಿದ್ದರು. ಈ ವಿಲಿವಿಲಿಯು ಬೇರೆ ಯಾವುದೂ ಅಲ್ಲ, ನಮ್ಮ ಹಾಲುವಾಣದ ದಾಯಾದಿ. ಎರಡೂ ಎರಿತ್ರಿನ ಎಂಬ ಒಂದೇ ಕುಲಕ್ಕೆ ಸೇರಿದುವು. ಅಮೆರಿಕದ ಟಾಮ್ ಬ್ಲೇಕ್ ಎಂಬಾತನು 1926ರ ಸುಮಾರಿಗೆ ಈ ಹಳೆಯ ಹಲಗೆಗಳ ಪ್ರತಿಯೊಂದನ್ನು ಮಾಡಹೊರಟು, ಭಾರವನ್ನು ಇಳಿಸುವುದಕ್ಕಾಗಿ ಅದರಲ್ಲಿ ನೂರಾರು ರಂಧ್ರಗಳನ್ನು ಕೊರೆದು ಮೇಲೆ ತೆಳುವಾದ ಮರವನ್ನು ಹೊದಿಸಿದನು. ಮುಂದೆ ವಿಮಾನದ ರೆಕ್ಕೆಯಂತೆ ಒಳಗೆ ಪಕ್ಕೆಲುಬುಗಳನ್ನಿಟ್ಟು ಪೊಳ್ಳಾದ ಹಲಗೆಗಳನ್ನೇ ಕಟ್ಟಿದನು. 1935ರಲ್ಲಿ, ಕೈಬಿಟ್ಟ ಮೋಟಾರು ದೋಣಿಯೊಂದರ ತಳದ ಲೋಹದ ಪಟ್ಟಿಯನ್ನು ತೆಗೆದು ತನ್ನ ಹಲಗೆಯ ಬಾಲದ ಕೆಳಗೆ ಜೋಡಿಸಿದವನೂ ಅವನೇ. ಶತಮಾನಗಳಿಂದ ಹಿಂಬದಿಯಲ್ಲಿ ಪಕ್ಕಕ್ಕೆ ಜಾರುತ್ತಿದ್ದ ಹಲಗೆಯು ಅಂದು ಹಿಡಿತಕ್ಕೆ ಬಂದಿತು.

ಎರಡು ರೆಕ್ಕೆಗಳನ್ನು ಮೊದಲಿಗೆ ಗಂಭೀರವಾಗಿ ಪ್ರಯೋಗಿಸಿದವನು ಬಾಬ್ ಸಿಮ್ಮನ್ಸ್. ಕ್ಯಾಲಿಫೋರ್ನಿಯದ ಪ್ರಸಿದ್ಧ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಓದಿದ ಈತನು, ನೀರಿನ ಮೇಲೆ ವೇಗವಾಗಿ ಜಾರುವ ದೋಣಿಗಳ ಗಣಿತವನ್ನು ಹಲಗೆಗೆ ಅನ್ವಯಿಸಿದನು. 1954ರಲ್ಲಿ ಅಲೆಸವಾರಿಯಲ್ಲಿಯೇ ಪ್ರಾಣ ಕಳೆದುಕೊಂಡನು. ಆ ಬಳಿಕ 1967ರಲ್ಲಿ ಸ್ಯಾನ್ ಡಿಯಾಗೋ ನಗರದ ಸ್ಟೀವ್ ಲಿಸ್ ಎಂಬ ಹುಡುಗನು ಮಂಡಿಯೂರಿ ಸವಾರಿ ಮಾಡುವುದಕ್ಕಾಗಿ ಗಿಡ್ಡನೆಯ, ಅಗಲವಾದ, ಸೀಳುಬಾಲದ ಹಲಗೆಯನ್ನು ಮಾಡಿದನು. ಅದಕ್ಕೆ 'ಮೀನು' ಎಂಬ ಹೆಸರು ನಿಂತಿತು. ನಾವು ದಡದಲ್ಲಿ ನೋಡಿದುದು ಆ ಮೀನಿನ ಸಂತತಿಯನ್ನೇ.

ಈಗ ನಮ್ಮ ಹಲಗೆಗೆ ಬರೋಣ. ಉದ್ದ 173 ಸೆಂಟಿಮೀಟರ್, ಅಗಲ 53, ಅತಿ ದಪ್ಪವಾದ ಕಡೆ 6.4. ಅಂಚುಗಳು ತೆಳುವಾಗುತ್ತ ಹೋಗುವುದರಿಂದ ಇದರ ಒಟ್ಟು ಗಾತ್ರವು ಸುಮಾರು 37 ಲೀಟರು. ಯಾವ ಮರ? ತೇಗದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.65 ಗ್ರಾಂ, ಇಡೀ ಹಲಗೆಯನ್ನು ತೇಗದಲ್ಲಿ ಕಡೆದರೆ 24 ಕಿಲೋಗ್ರಾಂ ಆದೀತು. ದಕ್ಷಿಣ ಅಮೆರಿಕದ ಬಾಲ್ಸ ಮರದ ಸಾಂದ್ರತೆ ತೇಗದ ಕಾಲುಭಾಗ ಮಾತ್ರ. ಆದರೆ ಹೊಳಲ್ಕೆರೆಯ ಮರದ ಅಡತಿಯಲ್ಲಿ ಬಾಲ್ಸವನ್ನು ಕೇಳಿದರೆ ನಗುತ್ತಾರೆ. ನಮ್ಮ ರೈತರು ಈಚೆಗೆ ಹೊಲದ ಬದುಗಳಲ್ಲಿ ಬೆಳೆಸುತ್ತಿರುವ ಹೆಬ್ಬೇವಿನ ಸಾಂದ್ರತೆ ಸುಮಾರು 0.4. ಅದನ್ನೇ ಆರಿಸಿಕೊಂಡೆವು. ಗಟ್ಟಿ ಹಲಗೆಯಾದರೆ ಇದೂ 15 ಕಿಲೋಗ್ರಾಮಿನ ಸಮೀಪಕ್ಕೆ ಬರುತ್ತದೆಯಾದುದರಿಂದ, ಬ್ಲೇಕನ ದಾರಿಯನ್ನು ಹಿಡಿದು ಒಳಗೆ ಪೊಳ್ಳು ಬಿಡಬೇಕಾಯಿತು. ನಡುವೆ ಒಂದು ಬೆನ್ನೆಲುಬು, ಅದರ ಎರಡು ಪಕ್ಕಗಳಲ್ಲಿ ಪಕ್ಕೆಲುಬುಗಳು, ಮೇಲೂ ಕೆಳಗೂ 5 ಮಿಲಿಮೀಟರ್ ದಪ್ಪದ ಹಲಗೆಯ ಹೊದಿಕೆ. ಮೇಲ್ಮೈ ಒಂದೊಂದು ಕಡೆಗೆ ಸುಮಾರು 0.7 ಚದರ ಮೀಟರಿರುವುದರಿಂದ ಎರಡೂ ಹೊದಿಕೆಗಳ ಮರವು 2.8 ಕಿಲೋಗ್ರಾಂ ತೂಗುತ್ತದೆ. ಪಕ್ಕೆಲುಬು, ಅಂಚಿನ ಪಟ್ಟಿ, ಮೇಲೆ ಹಚ್ಚುವ ಗಾಜಿನ ಎಳೆಯ ಬಟ್ಟೆ ಮತ್ತು ಎಪಾಕ್ಸಿ ಅಂಟು ಎಲ್ಲವೂ ಸೇರಿ 7 ಕಿಲೋಗ್ರಾಮಿಗೆ ಬಂದು ನಿಂತಿತು.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಆರ್ಕಿಮಿಡೀಸನನ್ನು ಕರೆತಂದ. 37 ಲೀಟರಿನ ಹಲಗೆಯು ಪೂರ್ತಿ ಮುಳುಗಿದರೂ ಪಲ್ಲಟಗೊಳಿಸುವ ನೀರಿನ ತೂಕ 37 ಕಿಲೋಗ್ರಾಂ. ಸಮುದ್ರದ ಉಪ್ಪುನೀರಿನಲ್ಲಿ 38. ಹಲಗೆಯೂ 55 ಕಿಲೋಗ್ರಾಮಿನ ಹುಡುಗನೂ ಸೇರಿ 62. ಹಾಗಿದ್ದಮೇಲೆ ಅವನು ಅದರ ಮೇಲೆ ನಿಲ್ಲುವುದು ಹೇಗೆ? ಪ್ರಶ್ನೆಯು ಸರಿಯಾದುದೇ. ನಿಶ್ಚಲವಾದ ನೀರಿನಲ್ಲಿ ಅವನು ನಿಲ್ಲಲಾರ, ಹಲಗೆಯೊಡನೆ ಮುಳುಗುತ್ತಾನೆ. ಹಲಗೆಯ ಮೇಲೆ ಬೋರಲು ಮಲಗಿ ಕೈಯಿಂದ ನೀರನ್ನು ಹಿಂದೂಡುವಾಗ ಅವನ ದೇಹವೂ ಅರ್ಧ ಮುಳುಗಿದ್ದು ತನ್ನ ಭಾರದ ಒಂದಂಶವನ್ನು ತಾನೇ ಹೊರುತ್ತದೆ. ಎದ್ದು ನಿಲ್ಲುವುದು ಅಲೆಯು ಅವನನ್ನು ತಳ್ಳಿ ವೇಗ ಕೊಟ್ಟ ಮೇಲೆ ಮಾತ್ರ. ಕೆರೆಯ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದು ಕುಪ್ಪಳಿಸಿದ್ದೀರಲ್ಲವೆ? ಕಲ್ಲು ತೇಲುವ ವಸ್ತುವಲ್ಲ; ಆದರೂ ವೇಗವಿರುವವರೆಗೆ ಅದು ನೀರನ್ನು ಕೆಳಕ್ಕೆ ಒತ್ತುತ್ತದೆ, ನೀರು ಅದನ್ನು ಮೇಲಕ್ಕೊತ್ತುತ್ತದೆ. ಹರಿಗೋಲು ತೇಲುವುದು ಆರ್ಕಿಮಿಡೀಸನ ತತ್ತ್ವದಿಂದ; ಸವಾರನನ್ನು ಹೊತ್ತ ಸರ್ಫ್ ಹಲಗೆಯು ಮೇಲೆ ನಿಲ್ಲುವುದು ಹೆಚ್ಚಾಗಿ ನ್ಯೂಟನ್ನನ ನಿಯಮಗಳಿಂದ. ಒಂದೂವರೆ ಮೀಟರು ಆಳದ ನೀರಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 3.8 ಮೀಟರು. ಅಲೆಯ ಮುಖದಲ್ಲಿ ಓರೆಯಾಗಿ ಸಾಗುವ ಸವಾರನು ಇದಕ್ಕಿಂತ ಹೆಚ್ಚು, 5 ಮೀಟರನ್ನೋ ಅದಕ್ಕೂ ಮಿಗಿಲನ್ನೋ ಮುಟ್ಟುತ್ತಾನೆ.

ಮರಗೆಲಸವನ್ನು ಹೊಸದುರ್ಗದ ಒಬ್ಬ ಹಿರಿಯ ಬಡಗಿಯವರ ಅಂಗಳದಲ್ಲಿ ಮಾಡಿದೆವು. ಅವರು ಎತ್ತಿನ ಗಾಡಿಯ ಚಕ್ರಗಳನ್ನು ಮಾಡಿದ ಕೈಯವರು. ವಕ್ರವಾದ ಅಂಚಿಗೆ ಹತ್ತರಿ ಹೊಡೆಯುವಾಗ ಕಣ್ಣು ಮುಚ್ಚಿ ಬೆರಳಿನಿಂದ ಸವರಿ ಉಬ್ಬುತಗ್ಗುಗಳನ್ನು ಹೇಳುತ್ತಿದ್ದರು. ನಮ್ಮ ಅಳತೆಪಟ್ಟಿಯು ಆಮೇಲೆ ಅದನ್ನೇ ಹೇಳುತ್ತಿತ್ತು. ಕೆಲಸ ಮುಗಿದಂದು, "ಮೇಷ್ಟ್ರೇ, ಒಳಗೆ ಗಾಳಿ ಕೂಡಿಹಾಕಿದ್ದೀರಿ, ಅದಕ್ಕೊಂದು ದಾರಿ ಬೇಡವೆ?" ಎಂದು ಅವರು ಕೇಳಿದರು. ನೀರು ಒಳಗೆ ಹೋದೀತೆಂಬ ಭಯದಿಂದ ನಾನು ಬೇಡವೆಂದೆ. ಆ ಮಾತಿಗೆ ಬೆಲೆ ತೆರಬೇಕಾಯಿತು.

ಹಲಗೆಯನ್ನು ಚಿತ್ರದುರ್ಗಕ್ಕೆ ತಂದು ಮನೆಯ ತಾರಸಿಯ ಮೇಲೆ ಒಣಗಲು ಇಟ್ಟಿದ್ದೆ. ಮಾರ್ಚ್ ತಿಂಗಳು. ಮಧ್ಯಾಹ್ನ ಮೇಲಿನಿಂದ ಪಟ್ಟನೆ ಸದ್ದು ಕೇಳಿತು. ಹೋಗಿ ನೋಡಿದರೆ ಹೊದಿಕೆಯು ಅಂಚಿನಿಂದ ಒಂದು ಗೇಣುದ್ದ ಬಿಟ್ಟುಕೊಂಡಿತ್ತು. ತರಗತಿಯಲ್ಲಿ ಪ್ರತಿವರ್ಷ ಕಲಿಸುವ ಅನಿಲದ ನಿಯಮವನ್ನು ನಾನು ತಾರಸಿಯ ಮೇಲೆ ಮರೆತಿದ್ದೆ. ಲೆಕ್ಕವನ್ನು ನೋಡಿ. ನಮ್ಮ ಊರು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿರುವುದರಿಂದ ಇಲ್ಲಿನ ವಾಯುವಿನ ಒತ್ತಡ ಸುಮಾರು 93 ಕಿಲೋಪಾಸ್ಕಲ್. 25 ಡಿಗ್ರಿ ಉಷ್ಣತೆಯಲ್ಲಿ ಮುಚ್ಚಿದ ಗಾಳಿಯು ಬಿಸಿಲಿಗೆ 60 ಡಿಗ್ರಿಗೆ ಏರಿದರೆ, ನಿರಪೇಕ್ಷ ಮಾನದಲ್ಲಿ 298ರಿಂದ 333ಕ್ಕೆ ಹೋಗುತ್ತದೆ. ಗಾತ್ರವು ಬದಲಾಗದಿದ್ದರೆ ಒತ್ತಡವು ನೂರಕ್ಕೆ ಸುಮಾರು 12ರಷ್ಟು, ಎಂದರೆ 11 ಕಿಲೋಪಾಸ್ಕಲ್ ಹೆಚ್ಚುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ 0.7 ಚದರ ಮೀಟರಿನ ಹೊದಿಕೆಯ ಮೇಲೆ ಇದರ ಒಟ್ಟು ಬಲವು 780 ಕಿಲೋಗ್ರಾಂ ತೂಕಕ್ಕೆ ಸಮ! ಹನ್ನೆರಡು ಹದಿಮೂರು ಮಂದಿ ದೊಡ್ಡವರು ಒಳಗಿನಿಂದ ಹೊದಿಕೆಯನ್ನು ತಳ್ಳಿದಂತೆ.

ಬಿಸಿಲು ಬೀಳದಂತೆ ನೋಡಿಕೊಂಡಿದ್ದರೂ ನಾವು ಪಾರಾಗುತ್ತಿರಲಿಲ್ಲ. ಇಲ್ಲಿ ಮುಚ್ಚಿದ ಹಲಗೆಯನ್ನು ಕರಾವಳಿಗೆ ಇಳಿಸಿದರೆ ಹೊರಗಿನ ಒತ್ತಡ 101 ಕಿಲೋಪಾಸ್ಕಲಿಗೆ ಏರುತ್ತದೆ. ಒಳಗಿನದು 93ರಲ್ಲಿಯೇ ಇರುತ್ತದೆ. ಈಗ ಹೊದಿಕೆಯನ್ನು ಒಳಕ್ಕೆ ಅದುಮುವ ಬಲವು 570 ಕಿಲೋಗ್ರಾಂ ತೂಕದಷ್ಟು. ಆಗುಂಬೆಯಲ್ಲಿ ಖಾಲಿ ನೀರಿನ ಬಾಟಲಿಗೆ ಮುಚ್ಚಳ ಬಿಗಿದು ಇಟ್ಟುಕೊಂಡು ಘಟ್ಟ ಇಳಿಯಿರಿ. ಸೋಮೇಶ್ವರ ತಲಪುವಷ್ಟರಲ್ಲಿ ಅದರ ಹೊಟ್ಟೆ ಒಳಸೇರಿರುತ್ತದೆ. ಕಡಲತೀರದಲ್ಲಿ ಹಲಗೆ ಮಾಡುವವರಿಗೆ ಈ ಎರಡನೆಯ ತೊಂದರೆಯಿಲ್ಲ; ನಮ್ಮಂಥ ಮೇಲುನಾಡಿನವರಿಗೆ ಎರಡೂ ಇವೆ. ಹೊದಿಕೆಯನ್ನು ಮತ್ತೆ ಅಂಟಿಸಿ, ಮೂಗಿನ ಬಳಿ ಒಂದು ಉಸಿರುಕಂಡಿಯನ್ನು ಕೊರೆದು, ಅದಕ್ಕೆ ರಬ್ಬರಿನ ಬಳೆಯಿರುವ ಹಿತ್ತಾಳೆಯ ತಿರುಪನ್ನು ಹಾಕಿದೆವು. ನೀರಿಗಿಳಿಸುವಾಗ ಮಾತ್ರ ಅದನ್ನು ಬಿಗಿಯುವುದು. ಬಡಗಿಯವರು ಇದನ್ನು ನೋಡಿ ಏನೂ ಹೇಳಲಿಲ್ಲ, ಹೇಳಿದ್ದರೆ ವಾಸಿಯಾಗಿತ್ತು.

ಇನ್ನು ಈಜುರೆಕ್ಕೆ. ಚಿತ್ರದುರ್ಗದ ಸುತ್ತಿನ ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ನೀವು ನೋಡಿರಬಹುದು. ಅವುಗಳ ಅಲಗು, ವಿಮಾನದ ರೆಕ್ಕೆ, ಹಲಗೆಯ ಈಜುರೆಕ್ಕೆ ಮೂರೂ ಒಂದೇ ತತ್ತ್ವದವು. ಹರಿಯುವ ಗಾಳಿಗಾಗಲಿ ನೀರಿಗಾಗಲಿ ತೆಳುವಾದ ಫಲಕವೊಂದನ್ನು ತುಸು ಓರೆಯಾಗಿ ಹಿಡಿದರೆ ಅದು ಹರಿವನ್ನು ಒಂದು ಕಡೆಗೆ ತಿರುಗಿಸುತ್ತದೆ. ಹರಿವು ಫಲಕವನ್ನು ಅದರ ವಿರುದ್ಧ ದಿಕ್ಕಿಗೆ ನೂಕುತ್ತದೆ. ಉಬ್ಬಿದ ಮೇಲ್ಭಾಗದ ಗಾಳಿಯು ಕೆಳಭಾಗದ ಗಾಳಿಯನ್ನು ಏಕಕಾಲಕ್ಕೆ ಕೂಡಿಕೊಳ್ಳಬೇಕಾದುದರಿಂದ ವೇಗವಾಗಿ ಓಡುತ್ತದೆಯೆಂದು ಕೆಲವು ಪುಸ್ತಕಗಳಲ್ಲಿ ಬರೆದಿರುತ್ತದೆ. ಅದು ತಪ್ಪು. ಹಾಗೆ ಕೂಡಿಕೊಳ್ಳಬೇಕೆಂಬ ಕಟ್ಟಳೆ ಗಾಳಿಗಿಲ್ಲ. ಮೇಲಿನದು ವಾಸ್ತವವಾಗಿ ಮುಂಚೆಯೇ ಹಿಂಬದಿಯನ್ನು ತಲಪಿಬಿಡುತ್ತದೆ.

ಹಲಗೆಯು ನೇರವಾಗಿ ಸಾಗುವಾಗ ಈಜುರೆಕ್ಕೆಗೆ ಹೆಚ್ಚು ಕೆಲಸವಿಲ್ಲ. ಬಾಲವು ಪಕ್ಕಕ್ಕೆ ಜಾರತೊಡಗಿದ ಕೂಡಲೆ ನೀರು ರೆಕ್ಕೆಗೆ ಓರೆಯಾಗಿ ತಾಕುತ್ತದೆ. ಪಕ್ಕಬಲ ಹುಟ್ಟಿ ಬಾಲವನ್ನು ಮರಳಿ ದಾರಿಗೆ ತರುತ್ತದೆ. ಬಾಣದ ಹಿಂದೆ ಗರಿ ಕಟ್ಟುವುದೂ ಇದಕ್ಕಾಗಿಯೇ. ಹರಿಗೋಲಿಗೆ ಇಲ್ಲದುದು ಈ ಗರಿ.

ನಮ್ಮ ರೆಕ್ಕೆಯ ಬುಡ 21 ಸೆಂಟಿಮೀಟರ್, ಆಳ 13, ವಿಸ್ತೀರ್ಣ ಸುಮಾರು 180 ಚದರ ಸೆಂಟಿಮೀಟರ್. ಹೀಗೆ ಬುಡ ಅಗಲವಾಗಿ ಆಳ ಕಡಿಮೆಯಿರುವುದು ಮೀನು ಹಲಗೆಯ ಲಕ್ಷಣ. ಒಂದೇ ತುಂಡು ಮರದಲ್ಲಿ ಮಾಡಿದರೆ ನಾರು ಹೋದ ದಿಕ್ಕಿನಲ್ಲಿ ಸೀಳುತ್ತದೆಯಾದ ಕಾರಣ, ನಾರುಗಳು ಅಡ್ಡಡ್ಡಲಾಗಿ ಕೂಡಿರುವ ಏಳು ಪದರದ ಪ್ಲೈವುಡ್ಡನ್ನು ತೆಗೆದುಕೊಂಡೆವು. ಇದರಿಂದ ಇನ್ನೊಂದು ಅನುಕೂಲ ದೊರೆಯಿತು. ರೆಕ್ಕೆಯ ಒಳಮೈಯನ್ನು ಚಪ್ಪಟೆಯಾಗಿ ಬಿಟ್ಟು, ಹೊರಮೈಯನ್ನು ಮಾತ್ರ ಮುಂದಿನಿಂದ ಮೂರನೆಯ ಒಂದು ಭಾಗದಲ್ಲಿ ಅತಿ ದಪ್ಪವಾಗುವಂತೆಯೂ ಹಿಂದಕ್ಕೆ ತೆಳುವಾಗುವಂತೆಯೂ ಅರದಿಂದ ಉಜ್ಜುತ್ತ ಹೋದಂತೆ, ಪದರಗಳು ಒಂದೊಂದಾಗಿ ಹೊರಬಿದ್ದು ಗೆರೆಗಳಾಗಿ ಕಾಣುತ್ತವೆ. ಭೂಪಟದಲ್ಲಿ ಗುಡ್ಡದ ಎತ್ತರವನ್ನು ತೋರಿಸುವ ಗೆರೆಗಳಿರುತ್ತವಲ್ಲ, ಹಾಗೆ. ನಮ್ಮ ಹುಡುಗರು ಅದನ್ನು ಏಳುಸುತ್ತಿನ ಕೋಟೆಯೆಂದು ಕರೆದರು. ಗೆರೆಗಳು ನುಣುಪಾಗಿ ಬಾಗಿದ್ದರೆ ಆಕಾರವು ಸರಿ. ಎಲ್ಲಿಯಾದರೂ ಕೊಂಕಿದ್ದರೆ ಅಲ್ಲಿ ಉಬ್ಬೋ ತಗ್ಗೋ ಇದೆ.

ಇದು ಎಷ್ಟು ಬಲ ಕೊಡುತ್ತದೆಂದು ಅಳೆಯಲು ಸಮುದ್ರವೇ ಬೇಕಾಗಿಲ್ಲ. 1907ರಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು, 1933ರ ಬಳಿಕ 89 ವರ್ಷ ಕಳೆದು 2022ರಲ್ಲಿ ಕೋಡಿ ಹರಿದುದು ನಮ್ಮ ಜಿಲ್ಲೆಯವರಿಗೆಲ್ಲ ನೆನಪಿದೆ. ಹಿರಿಯೂರಿನ ಕಡೆ ಅದರ ನೀರು ಹರಿಯುವ ಒಂದು ಸಣ್ಣ ಹಂಚುಕಾಲುವೆಯ ಕಿರುಸೇತುವೆಯೇ ನಮ್ಮ ಪ್ರಯೋಗಶಾಲೆ. ಒಂದು ಕರಟವನ್ನು ತೇಲಿಬಿಟ್ಟು ಕಾಲ ನೋಡಿದೆವು; ಹರಿವಿನ ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಒಂದು ಚಿಕ್ಕ ಹಲಗೆಯ ಕೆಳಗೆ ರೆಕ್ಕೆಯನ್ನು ಕೂರಿಸಿ, ಸೇತುವೆಯಿಂದ ಕೋಲಿನ ಸಹಾಯದಿಂದ ನೀರಿನಲ್ಲಿ ಇಳಿಬಿಟ್ಟು, ಅದು ಪಕ್ಕಕ್ಕೆ ಎಳೆಯುವ ಬಲವನ್ನು ಸ್ಪ್ರಿಂಗ್ ತ್ರಾಸಿನಿಂದ ನೋಡಿದೆವು. (ಯಾರೂ ನೀರಿಗೆ ಇಳಿಯಲಿಲ್ಲ, ನೀವೂ ಇಳಿಯಕೂಡದು.) 10 ಡಿಗ್ರಿ ಓರೆಗೆ ಲೆಕ್ಕದ ಪ್ರಕಾರ ಸುಮಾರು 400 ಗ್ರಾಂ ತೂಕದಷ್ಟು ಬಲ ಬರಬೇಕು. ತ್ರಾಸಿನ ಮುಳ್ಳು ನಡುಗುತ್ತ ಅದರ ಆಚೀಚೆ ಆಡಿತು. ಓರೆಯನ್ನು ಹೆಚ್ಚಿಸಿದಂತೆ ಬಲವೂ ಹೆಚ್ಚಿತು. ಆದರೆ 20 ಡಿಗ್ರಿಯನ್ನು ದಾಟಿ ಸ್ವಲ್ಪ ದೂರ ಹೋದ ಮೇಲೆ ರೆಕ್ಕೆಯ ಹಿಂದೆ ಸುಳಿಗಳೆದ್ದು, ಕೋಲು ಅದುರಿ, ಬಲವು ಹೆಚ್ಚುವುದು ನಿಂತಿತು. ಹರಿವು ರೆಕ್ಕೆಯ ಮೈಯನ್ನು ಬಿಟ್ಟುಹೋಗುವ ಈ ಸ್ಥಿತಿಯನ್ನು ವಿಮಾನ ಚಾಲಕರು ಬಹಳ ಅಂಜಿಕೆಯಿಂದ ಕಾಣುತ್ತಾರೆ.

ಈ 400 ಗ್ರಾಮಿನಿಂದ ಮನುಷ್ಯನ ಭಾರ ಹೊತ್ತ ಹಲಗೆಯನ್ನು ಹಿಡಿಯಲಾದೀತೆ? ಬಲವು ವೇಗದ ವರ್ಗದಂತೆ ಏರುತ್ತದೆ ಎಂಬುದನ್ನು ಮರೆಯಬಾರದು. ಅಲೆಯ ಮೇಲೆ ವೇಗ ಐದು ಪಟ್ಟು. ಬಲ ಇಪ್ಪತ್ತೈದು ಪಟ್ಟು, ಎಂದರೆ 10 ಕಿಲೋಗ್ರಾಂ ತೂಕದಷ್ಟು. ಅದೇ ರೆಕ್ಕೆಯನ್ನು ಅದೇ ವೇಗದ ಗಾಳಿಯಲ್ಲಿ ಹಿಡಿದಿದ್ದರೆ ಹತ್ತು ಹನ್ನೆರಡು ಗ್ರಾಮಿಗೆ ಮಿಗುತ್ತಿರಲಿಲ್ಲ. ನೀರು ಗಾಳಿಗಿಂತ 800 ಪಟ್ಟಿಗೂ ಹೆಚ್ಚು ಸಾಂದ್ರವಾದುದು. ಗಾಳಿಯಂತ್ರದ ಅಲಗು ಲಾರಿಗಿಂತ ಉದ್ದವಾಗಿಯೂ ಮೀನಿನ ಈಜುರೆಕ್ಕೆ ವೀಳೆಯದೆಲೆಯಷ್ಟಾಗಿಯೂ ಇರುವುದರಲ್ಲಿ ಈ ಸಂಖ್ಯೆಯ ಪಾತ್ರವು ದೊಡ್ಡದು.

ಎರಡು ಏಕೆ ಎಂಬ ಪ್ರಶ್ನೆ ಉಳಿಯಿತು. ಮೀನು ಹಲಗೆಯ ಬಾಲವು ಅಗಲ. ಸವಾರನು ತಿರುಗಲೆಂದು ಒಂದು ಪಕ್ಕಕ್ಕೆ ವಾಲಿದಾಗ ಹಲಗೆಯ ಒಂದಂಚು ನೀರಿನಲ್ಲಿ ಹೂತು, ಇನ್ನೊಂದು ಮೇಲೇಳುತ್ತದೆ. ನಡುವೆ ಒಂದೇ ರೆಕ್ಕೆಯಿದ್ದರೆ ಅದೂ ಬಹುಭಾಗ ನೀರಿನಿಂದ ಹೊರಬಂದೀತು. ಅಂಚುಗಳ ಬಳಿ ಒಂದೊಂದಿದ್ದರೆ, ಮೇಲೆದ್ದ ಕಡೆಯದು ಬಿಡುವು ಪಡೆದರೂ ಹೂತ ಕಡೆಯದು ಆಳವಾಗಿ ನೀರನ್ನು ಹಿಡಿದಿರುತ್ತದೆ. ಬಾಲವನ್ನು ಸೀಳಿರುವುದೂ ಇದಕ್ಕೆ ಒತ್ತಾಸೆ. ಹೂತ ಕಡೆಯ ಕವಲು ಒಂದು ಕಿರಿದಾದ ಬಾಲದಂತೆ ತಾನೇ ಕೆಲಸ ಮಾಡುತ್ತದೆ. ರೆಕ್ಕೆಗಳ ಮುಂದಂಚನ್ನು ಹಿಂದಂಚಿಗಿಂತ 3 ಮಿಲಿಮೀಟರಿನಷ್ಟು ನಡುಗೆರೆಯ ಕಡೆಗೆ ತಿರುಗಿಸಿ ಗಾಜುಬಟ್ಟೆಯಿಂದಲೂ ಎಪಾಕ್ಸಿಯಿಂದಲೂ ಭದ್ರಪಡಿಸಿದೆವು.

ಡಿಸೆಂಬರಿನಲ್ಲಿ, ಅಲೆಗಳು ಸಣ್ಣವಾಗಿರುವ ಕಾಲದಲ್ಲಿ, ಉಸಿರುಕಂಡಿಯನ್ನು ತೆರೆದಿಟ್ಟುಕೊಂಡು ಹೊಳಲ್ಕೆರೆ, ಶಿವಮೊಗ್ಗ, ತೀರ್ಥಹಳ್ಳಿಗಳ ಮೇಲೆ ಆಗುಂಬೆಯನ್ನು ಇಳಿದು ಸಸಿಹಿತ್ಲುವನ್ನು ಸೇರಿದೆವು. ಅಲ್ಲಿ ಸರ್ಫಿಂಗ್ ಕಲಿಸುವ ತರುಣರೊಬ್ಬರು ಮೊದಲು ಹಲಗೆಯನ್ನು ಪರೀಕ್ಷಿಸಲು ಒಪ್ಪಿದರು. ಮೂರು ಅಲೆಗಳನ್ನು ಸವಾರಿ ಮಾಡಿ ಬಂದವರು, "ಹಿಡಿತ ಚೆನ್ನಾಗಿದೆ ಸಾರ್. ಆದರೆ ಸುಮ್ಮನೆ ಬಿಟ್ಟರೆ ಎಡಕ್ಕೇ ಎಳೆಯುತ್ತದೆ" ಎಂದರು. ಅನಂತರ ಹಿರಿಯೂರಿನ ಹುಡುಗನು ಅವರ ಕಾವಲಿನಲ್ಲಿ ಎರಡು ಬಾರಿ ಬಿದ್ದು ಮೂರನೆಯ ಸಲ ಮಂಡಿಯ ಮೇಲೆ ದಡದವರೆಗೆ ಬಂದ. ಅವನೂ ಅದನ್ನೇ ಹೇಳಿದ. ನಾನು ಸೊಂಟದುದ್ದದ ನೀರಿನಲ್ಲಿ ನಿಂತು ಇದನ್ನೆಲ್ಲ ಬರೆದುಕೊಂಡೆ.

ಊರಿಗೆ ಬಂದು ಹಲಗೆಯನ್ನು ಮಗುಚಿ ಅಳೆದೆವು. ಬಲಗಡೆಯ ರೆಕ್ಕೆಯ ಓರೆ 3 ಮಿಲಿಮೀಟರ್, ಎಡಗಡೆಯದು 7. ಅಂಟು ಗಟ್ಟಿಯಾಗುವ ಮುನ್ನ ಯಾರದೋ ಕೈ ತಾಕಿರಬೇಕು. 21 ಸೆಂಟಿಮೀಟರ್ ಬುಡದಲ್ಲಿ 4 ಮಿಲಿಮೀಟರಿನ ವ್ಯತ್ಯಾಸವೆಂದರೆ ಒಂದು ಡಿಗ್ರಿಗೆ ತುಸು ಹೆಚ್ಚು. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಇಷ್ಟರಿಂದಲೇ ಒಂದು ಕಿಲೋಗ್ರಾಮಿಗೂ ಮಿಕ್ಕ ತೂಕದಷ್ಟು ಬಲ ಸದಾ ಬಾಲದ ಮೇಲೆ ಬೀಳುತ್ತದೆ. ಹುಡುಗರಲ್ಲಿ ಅರ್ಧ ಮಂದಿ, ಎಡರೆಕ್ಕೆಯ ಮೂತಿ ಬಲಕ್ಕೆ ತಿರುಗಿದ್ದ ಮೇಲೆ ಹಲಗೆಯು ಬಲಕ್ಕೆ ಹೋಗಬೇಕಿತ್ತಲ್ಲವೆ ಎಂದು ವಾದಿಸಿದರು. ರೆಕ್ಕೆಯು ಬಲಕ್ಕೆ ಹೋಗುವುದು ನಿಜ. ಆದರೆ ಅದು ಇರುವುದು ಬಾಲದಲ್ಲಿ. ಬಾಲ ಬಲಕ್ಕೆ ಸರಿದರೆ ಮೂಗು ಎಡಕ್ಕೆ ತಿರುಗುತ್ತದೆ. ನಂಬದವರು ಒಂದು ಪೆನ್ಸಿಲನ್ನು ಮೇಜಿನ ಮೇಲಿಟ್ಟು ಹಿಂದಿನ ತುದಿಯನ್ನು ಬೆರಳಿನಿಂದ ತಳ್ಳಿ ನೋಡಬಹುದು.

ಎಡಗಡೆಯ ರೆಕ್ಕೆಯನ್ನು ಗರಗಸದಿಂದ ಬುಡಮಟ್ಟ ಕೊಯ್ದು ತೆಗೆದು, ಹೊಸ ರೆಕ್ಕೆಯೊಂದನ್ನು ಉಜ್ಜಿ ಕೂರಿಸಿದೆವು. ಈ ಸಲ ಅಂಟು ಗಟ್ಟಿಯಾಗುವವರೆಗೆ ಇಬ್ಬರು ಸರದಿಯ ಮೇಲೆ ಅಳತೆಪಟ್ಟಿ ಹಿಡಿದು ಕಾವಲು ಕುಳಿತರು. ಹಲಗೆಯು ಈಗ ನಮ್ಮ ಪ್ರಯೋಗಶಾಲೆಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದೆ. ಹಿತ್ತಾಳೆಯ ತಿರುಪು ಅದರ ಮೂಗಿನಿಂದ ದಾರದಲ್ಲಿ ನೇತಾಡುತ್ತಿದೆ.